ಗ್ಲಾಮರ್ ಫೋಟೊ: ಬೆಳಕು ಯಾರದು, ಒಪ್ಪಿಗೆ ಯಾರದು?

ಕಲಬುರಗಿಯಿಂದ ಮಾತಾಡ್ತಿದೀನಿ. ಇವತ್ತಿನ ಎಪಿಸೋಡ್ ಗ್ಲಾಮರ್ ಫೋಟೊಗ್ರಫಿ ಬಗ್ಗೆ. ಈ ವಿಷಯ ಆರಿಸಿಕೊಳ್ಳೋಕೆ ನಾನೇ ಮಾಡಿದ ಒಂದು ತಪ್ಪು ಕಾರಣ. ಮೊದಲು ಅದನ್ನ ಹೇಳಿಬಿಡ್ತೀನಿ.

ಹೋದ ಚಳಿಗಾಲದಲ್ಲಿ ಗೆಳತಿಯೊಬ್ಬಳ ಜೊತೆ ಕಮಲಾಪುರಕ್ಕೆ ಹೋಗಿದ್ದೆ. ಇಲ್ಲಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗೋ ಊರು, ಜಿಐ ಟ್ಯಾಗ್ ಪಡೆದ ಕೆಂಪು ಬಾಳೆಹಣ್ಣಿನ ಊರು. ಪರಿಚಯದವರ ತೋಟದಲ್ಲಿ ಸಂಜೆ ಬಿಸಿಲಿಗೆ ಅವಳ ಫೋಟೊ ತೆಗೆದೆ. ಇಳಕಲ್ ಸೀರೆ, ಕ್ಯಾಮೆರಾಗೆ ಬೆನ್ನು, ಬಾಳೆ ಎಲೆಯ ಸೀಳಿನಿಂದ ಕುತ್ತಿಗೆ ಮೇಲೆ ಬಿದ್ದ ಒಂದೇ ಗೆರೆ ಬೆಳಕು. ನಾನು ತೆಗೆದದ್ರಲ್ಲೇ ಚೆಂದದ ಫೋಟೊ ಅದು. ಅವತ್ತು ರಾತ್ರಿಯೇ ಇನ್‌ಸ್ಟಾಗ್ರಾಮ್‌ಗೆ ಹಾಕಿದೆ. ಮರುದಿನ ಮಧ್ಯಾಹ್ನದೊಳಗೆ ಅದು ಅವಳ ಮನೆಯವರ ವಾಟ್ಸಾಪ್ ಗ್ರೂಪ್ ಮುಟ್ಟಿತ್ತು, ಕೆಳಗೆ ಕಾಕಾಂದಿರ ಪ್ರಶ್ನೆಗಳ ಸಾಲು.

ಅವಳು ಫೋನ್ ಮಾಡಿ ಹೇಳಿದ್ದು ಇಷ್ಟೇ: "ಫೋಟೊ ತೆಗಿಲಾಕ ಹೂಂ ಅಂದಿದ್ದೆ. ಊರಿಗೆಲ್ಲಾ ತೋರಸ್ಲಾಕ ಹೂಂ ಅಂದಿದ್ನೇನು?"

ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಉಳೀತು. ಮೈತುಂಬಾ ಸೀರೆ ಉಟ್ಟ ಹುಡುಗಿಯ ಫೋಟೊ ನೋಡಿ ಅಷ್ಟು ಜನ ಯಾಕೆ ಚಡಪಡಿಸಿದ್ರು?

ಗ್ಲಾಮರ್ ಅನ್ನೋ ಪದದಿಂದಲೇ ಶುರು ಮಾಡೋಣ. ಅದು ಸ್ಕಾಟ್‌ಲೆಂಡ್ ಕಡೆಯ ಮಾತು, 'ಗ್ರಾಮರ್' ಅಂದರೆ ವ್ಯಾಕರಣ ಅನ್ನೋ ಪದದಿಂದಲೇ ಹುಟ್ಟಿದ್ದು. ಓದು ಬಲ್ಲವರಿಗೆ ಮಾಟಮಂತ್ರವೂ ಬರ್ತದೆ ಅಂತ ಜನ ನಂಬಿದ್ದ ಕಾಲ. ಹಾಗಾಗಿ ಗ್ಲಾಮರ್ ಅಂದರೆ ಮೊದಲಿಗೆ ಮೋಡಿ. ಫ್ಯಾಷನ್ ಫೋಟೊ ಬಟ್ಟೆ ಮಾರ್ತದೆ, ಗ್ಲಾಮರ್ ಫೋಟೊ ಆ ಮೋಡಿ ಮಾರ್ತದೆ. ಫೈನ್ ಆರ್ಟ್ ಫೋಟೊ ಬೇರೆ: ಅಲ್ಲಿ ಮುಖ್ಯ ಆಗೋದು ತೆಗೆದವರು ನೋಡಿದ ರೀತಿ.

ಈ ಮೋಡಿ ನಮ್ಮೂರಿಗೆ ಹೊಸದೇನಲ್ಲ. ಎಸ್.ಎಂ. ಪಂಡಿತ್ 1916ರಲ್ಲಿ ಹುಟ್ಟಿದ್ದು ಇದೇ ಕಲಬುರಗಿಯಲ್ಲಿ. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟ, ಮೆಟ್ರೊ ಗೋಲ್ಡ್ವಿನ್ ಮೇಯರ್ ಸಿನಿಮಾಗಳ ಶೋಕಾರ್ಡ್ ಮಾಡಿದವರು. ಅದೇ ಕಂಪನಿಯ ತಾರೆಯರನ್ನ 1930ರ ದಶಕದಲ್ಲಿ ಹಾಲಿವುಡ್‌ನಲ್ಲಿ ಫೋಟೊ ತೆಗೀತಿದ್ದವರು ಜಾರ್ಜ್ ಹರೆಲ್. ಮೇಲಿಂದ ಚೂಪಾದ ಬೆಳಕು, ಸುತ್ತ ಗಾಢ ನೆರಳು ಅವರ ಗುರುತು. ಪಂಡಿತರ ಮೇನಕೆ, ದಮಯಂತಿಯರನ್ನ ನೋಡ್ರಿ. ಕಥೆ ಪುರಾಣದ್ದು, ಮೈಮೇಲಿನ ಬೆಳಕು ಸಿನಿಮಾ ಸ್ಟುಡಿಯೋದ್ದು. ಇಂಥ ಚಿತ್ರಗಳು ಕ್ಯಾಲೆಂಡರ್ ಆಗಿ ಮನೆಮನೆಯ ಗೋಡೆ ಸೇರಿದವು. ಯಾರೂ ಮುಖ ತಿರುಗಿಸಲಿಲ್ಲ.

ಇನ್ನೊಂದು ಉದಾಹರಣೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆ ಮೆಣಸಿನಕಾಯಿಯನ್ನ ತಗಡಿನ ಆಲಿಕೆಯೊಳಗಿಟ್ಟು ಫೋಟೊ ತೆಗೆದರು. ಹೆಸರು 'ಪೆಪ್ಪರ್ ನಂ. 30'. ನೋಡಿದವರಿಗೆ ಅದರಲ್ಲಿ ಕಾಣೋದು ಬಾಗಿದ ಮನುಷ್ಯರ ಬೆನ್ನು! ಅಂದರೆ ಶೃಂಗಾರ ಹುಟ್ಟೋದು ಬೆಳಕು, ತಿರುವು, ಮುಚ್ಚಿಟ್ಟದ್ದು ಇವುಗಳಿಂದ. ಉಳಿದದ್ದನ್ನ ನೋಡುವವರ ಮನಸ್ಸೇ ತುಂಬಿಕೊಳ್ತದೆ.

ಬೇಕಾದರೆ ನೀವೇ ಮಾಡಿ ನೋಡ್ರಿ. ಒಂದು ಕೆಂಪು ಬಾಳೆಹಣ್ಣು, ಒಂದು ಕಿಟಕಿ, ಹಿಂದೆ ಕಪ್ಪು ಬಟ್ಟೆ. ಮೊಬೈಲ್ ಪರದೆಯಲ್ಲಿ ಹಣ್ಣಿನ ಮೇಲೆ ಒತ್ತಿ ಹಿಡಿದು, ಬೆಳಕಿನ ಗುರುತನ್ನ ಕೆಳಗೆ ಎಳೀರಿ. ನೆರಳು ಕಪ್ಪಾಗ್ತದೆ, ಸಿಪ್ಪೆಯ ಅಂಚು ಮಾತ್ರ ಹೊಳೀತದೆ. ಮೋಡಿ ಅಂದರೆ ಇಷ್ಟೇ.

ಆದರೆ ಬಾಳೆಹಣ್ಣಿಗೆ ಕಾಕಾ ಇಲ್ಲ, ವಾಟ್ಸಾಪ್ ಗ್ರೂಪ್ ಇಲ್ಲ. ಮೇನಕೆಯನ್ನೂ ಯಾರೂ ಕರೆದು ಕೇಳಲಿಲ್ಲ. ನನ್ನ ಗೆಳತಿಯನ್ನ ಕೇಳಿದರು. ಫೋಟೊ ಜನರನ್ನ ಚಡಪಡಿಸಿದ್ದು ನನ್ನ ಬೆಳಕಿನಿಂದ, ಅದರ ಬೆಲೆ ಕೊಟ್ಟವಳು ಅವಳು.

ಅವಳು ಕೇಳಿದ ಪ್ರಶ್ನೆ ಕಾನೂನಿನಲ್ಲೂ ಇದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ, ಮಹಿಳೆಯೊಬ್ಬಳು ತನ್ನ ಖಾಸಗಿ ಕ್ಷಣದ ಚಿತ್ರ ತೆಗೆಯೋಕೆ ಒಪ್ಪಿದ್ದರೂ, ಹಂಚೋಕೆ ಒಪ್ಪದಿದ್ದರೆ ಹಂಚಿದ್ದು ಅಪರಾಧ. ಮೊದಲ ಸಲಕ್ಕೆ 1ರಿಂದ 3 ವರ್ಷ ಜೈಲು, ಜೊತೆಗೆ ದಂಡ. ನನ್ನ ಫೋಟೊ ಆ ಸೆಕ್ಷನ್‌ಗೆ ಬರೋ ಥರದ್ದಲ್ಲ. ಆದರೂ ಅದರ ಹಿಂದಿನ ಮಾತು ನನಗೂ ಸಲ್ಲತದೆ: ತೆಗೆಯೋ ಒಪ್ಪಿಗೆ ಬೇರೆ, ತೋರಿಸೋ ಒಪ್ಪಿಗೆ ಬೇರೆ. ಅದಕ್ಕೇ ಈಗ ಎರಡು ಸಲ ಕೇಳ್ತೀನಿ. ತೆಗೆಯೋ ಮುಂಚೆ ಒಂದು ಸಲ. ಹಾಕೋ ಮುಂಚೆ ಫೋಟೊ ತೋರಿಸಿ, ಎಲ್ಲಿ ಹಾಕ್ತೀನಿ ಅಂತ ಹೇಳಿ, ಇನ್ನೊಂದು ಸಲ. ನಿಮ್ಮ ಖಾಸಗಿ ಫೋಟೊವನ್ನ ಯಾರಾದ್ರೂ ಹಂಚಿದ್ರೆ cybercrime.gov.in ಪೋರ್ಟಲ್‌ನಲ್ಲಿ ದೂರು ಕೊಡ್ರಿ.

ಆ ಫೋಟೊ ಅವತ್ತೇ ಡಿಲೀಟ್ ಮಾಡಿದೆ. ಎರಡು ತಿಂಗಳು ಅವಳು ಮಾತಾಡಲಿಲ್ಲ. ಆಮೇಲೆ ಒಂದಿನ ಅವಳೇ ಮೆಸೇಜ್ ಕಳಿಸಿದಳು: "ಆ ಬೆನ್ನಿನ ಫೋಟೊ ನಿನ್ನ ಹತ್ರ ಅದನೇನು? ನಂಗ ಕಳಸು."

ಕಳಿಸಿದೆ. ಅದನ್ನ ಏನು ಮಾಡಿದಳು ಅಂತ ನಾನು ಕೇಳಿಲ್ಲ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಬರ್ತೀನ್ರಿ.