ಬೈಕ್ ಅಲಾರಂ: ಕೂಗಿದರೆ ಸಾಲದು, ಎಂಜಿನ್ ನಿಲ್ಲಬೇಕು

ಹೊಸ ಬೈಕಿನ ಬುಕಿಂಗ್ ಮುಗಿಯುವ ಹೊತ್ತಿಗೆ ಶೋರೂಮಿನವರು ಇನ್ನೊಂದು ಹಾಳೆ ಮುಂದಿಡುತ್ತಾರೆ. ಕ್ರ್ಯಾಶ್ ಗಾರ್ಡ್, ಸೀರೆ ಗಾರ್ಡ್, ಸೀಟ್ ಕವರ್, ಮೊಬೈಲ್ ಹೋಲ್ಡರ್, ಅದರ ಕೆಳಗೆ ‘ಸೆಕ್ಯುರಿಟಿ ಅಲಾರಂ’. ಆನ್‌ರೋಡ್ ಬೆಲೆ ಕೇಳಿಯೇ ಎದೆ ಧಸಕ್ಕೆಂದಿರುತ್ತದೆ. ಇನ್ನಷ್ಟು ದುಡ್ಡು ಸುರಿದು ಕಂಪನಿಯದ್ದೇ ಅಲಾರಂ ಹಾಕಿಸುವುದೋ ಬೇಡವೋ? ಹೀಗೆ ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ: ಅದು ಬರೀ ಕೂಗುತ್ತದೆಯೋ, ಎಂಜಿನ್ನನ್ನೂ ನಿಲ್ಲಿಸುತ್ತದೆಯೋ?

ನಮ್ಮಲ್ಲಿ ಬೈಕ್ ಕಳವು ಹೇಗೆ ನಡೆಯುತ್ತದೆ ಎಂಬುದು ಗೊತ್ತಿದ್ದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಹ್ಯಾಂಡಲ್ ಲಾಕ್ ಅಂದರೆ ಒಳಗೊಂದು ಸಣ್ಣ ಲೋಹದ ಗೂಟ, ಅಷ್ಟೇ. ಕಾಲು ಕೊಟ್ಟು ಜೋರಾಗಿ ಒದ್ದರೆ ಎಷ್ಟೋ ಬೈಕುಗಳಲ್ಲಿ ಅದು ಮುರಿದೇ ಹೋಗುತ್ತದೆ. ಆಮೇಲೆ ಕೀ ಇಲ್ಲದೆ ವೈರ್ ಜೋಡಿಸಿ ಗಾಡಿ ‘ಡೈರೆಕ್ಟ್’ ಮಾಡಲು ಕಳ್ಳನಿಗೆ ಹೆಚ್ಚು ಹೊತ್ತು ಬೇಡ. ಸ್ಟಾರ್ಟ್ ಆಗದಿದ್ದರೆ ನ್ಯೂಟ್ರಲ್‌ನಲ್ಲಿ ತಳ್ಳಿಕೊಂಡು ಹೋಗುತ್ತಾನೆ, ಇಲ್ಲವೇ ಜೊತೆಗಾರನ ಬೈಕಿನಿಂದ ಕಾಲು ಕೊಟ್ಟು ನೂಕಿಸಿಕೊಳ್ಳುತ್ತಾನೆ. ರಸ್ತೆಯಲ್ಲಿ ಕಂಡವರು ಪೆಟ್ರೋಲ್ ಮುಗಿದಿರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ.

ಇದರ ನಡುವೆ ಅಲಾರಂ ಏನು ಮಾಡುತ್ತದೆ? ಗಾಡಿ ಅಲುಗಿದ್ದನ್ನೋ ವಾಲಿದ್ದನ್ನೋ ಒಳಗಿನ ಸೆನ್ಸರ್ ಗ್ರಹಿಸುತ್ತದೆ, ಸೈರನ್ ಹೊಡೆದುಕೊಳ್ಳುತ್ತದೆ. ಮನೆಯ ಕಿಟಕಿಯ ಕೆಳಗೇ ಗಾಡಿ ನಿಲ್ಲಿಸಿ ಮಲಗುವವರಿಗೆ ಇದು ನಿಜಕ್ಕೂ ಉಪಯೋಗ. ಸದ್ದಿಗೆ ಎದ್ದು ಲೈಟ್ ಹಾಕಿದರೂ ಸಾಕು, ಕಳ್ಳ ಅಲ್ಲಿ ನಿಲ್ಲುವುದಿಲ್ಲ. ಆದರೆ ಮೆಟ್ರೋ ನಿಲ್ದಾಣದ ಹೊರಗೋ ಆಸ್ಪತ್ರೆಯ ಗೇಟಿನ ಬಳಿಯೋ ಬೈಕ್ ಬಿಟ್ಟು ಹೋದವರಿಗೆ ಆ ಕೂಗು ಕೇಳುವುದೇ ಇಲ್ಲ. ಕೇಳಿಸಿದವರಿಗೆ ಅದು ಯಾರದೋ ಬೈಕು. ಲಾರಿ ಹೋದರೂ, ಬೀದಿನಾಯಿ ಸೀಟಿನ ಮೇಲೆ ಹಾರಿದರೂ, ದೀಪಾವಳಿಯಲ್ಲಿ ಆಟಂಬಾಂಬ್ ಸಿಡಿದರೂ ಅದು ಕೂಗುತ್ತದೆ. ನಾಲ್ಕು ರಾತ್ರಿ ಹೀಗಾದರೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ, ಮಾಲೀಕ ಸೆನ್ಸರನ್ನು ಮಂದ ಮಾಡುತ್ತಾನೆ, ಕೊನೆಗೆ ಆಫ್ ಮಾಡಿಯೇ ಬಿಡುತ್ತಾನೆ.

ಅದಕ್ಕೇ ನಾನು ಒತ್ತಿ ಹೇಳುವುದು ಇಮ್ಮೊಬಿಲೈಸರ್ ಬಗ್ಗೆ. ಕೀಯ ಪ್ಲಾಸ್ಟಿಕ್ ಹಿಡಿಯೊಳಗೆ ಪುಟ್ಟದೊಂದು ಚಿಪ್, ಇಗ್ನಿಷನ್ ಸುತ್ತ ಬಳೆಯಂತೆ ಒಂದು ಆಂಟೆನಾ. ಚಿಪ್ಪಿನ ಗುರುತು ಹೊಂದಿದರೆ ಮಾತ್ರ ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನೋ ಪೆಟ್ರೋಲನ್ನೋ ಬಿಡುತ್ತದೆ. ವೈರ್ ಜೋಡಿಸಿದ ಮಾತ್ರಕ್ಕೆ ಎಂಜಿನ್ ಜಗ್ಗುವುದಿಲ್ಲ. ದುಬಾರಿ ಬೈಕುಗಳಲ್ಲಿ ಇದು ಬಂದು ಬಹಳ ಕಾಲವಾಯಿತು. 2023ರ ಜನವರಿಯಲ್ಲಿ ಹೋಂಡಾ ಆ್ಯಕ್ಟಿವಾದ ಎಚ್-ಸ್ಮಾರ್ಟ್ ಮಾದರಿಯಲ್ಲೂ ಇಮ್ಮೊಬಿಲೈಸರ್ ಬಂತು. ಅದರಲ್ಲಿ ಕೀ ತೂರಿಸುವ ಕೆಲಸವೇ ಇಲ್ಲ, ಜೇಬಿನಲ್ಲಿ ಸ್ಮಾರ್ಟ್ ಕೀ ಇದ್ದರೆ ಸಾಕು. ಕಂಪನಿ ಅಲಾರಂ ಜೊತೆಗೆ ಇಂಥದ್ದೊಂದು ಇದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬರೀ ಸೈರನ್ ಆದರೆ ನಾನು ಬೇಡ ಅನ್ನುತ್ತೇನೆ. ಅದೇ ದುಡ್ಡಿಗೆ ಒಳ್ಳೆಯ ಡಿಸ್ಕ್ ಲಾಕ್ ಅಥವಾ ದಪ್ಪ ಚೈನ್ ಬರುತ್ತದೆ. ಚೈನನ್ನು ಚಕ್ರಕ್ಕಷ್ಟೇ ಸುತ್ತಬೇಡಿ, ಕಂಬಕ್ಕೋ ಗೇಟಿಗೋ ಸೇರಿಸಿ ಬೀಗ ಹಾಕಿ. ಗಾಡಿಯನ್ನು ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಂಡು ಹೋಗುವವನ ಮುಂದೆ ಇಮ್ಮೊಬಿಲೈಸರ್ ಆಟವೂ ನಡೆಯುವುದಿಲ್ಲ.

ಅಲಾರಂ ಹಾಕಿಸಲೇಬೇಕು ಎನ್ನುವವರು ಕಂಪನಿಯದ್ದನ್ನೇ ಹಾಕಿಸುವುದು ಒಳ್ಳೆಯದು. ಬೆಲೆ ಜಾಸ್ತಿ, ನಿಜ. ಆದರೆ ಬೈಕಿನಲ್ಲಿ ಮೊದಲೇ ಬಿಟ್ಟಿರುವ ಕಪ್ಲರ್‌ಗೆ ಅದು ನೇರವಾಗಿ ಕೂರುತ್ತದೆ. ಹೊರಗಡೆ ಹಾಕಿಸುವಾಗ ವೈರಿನ ಸಿಪ್ಪೆ ಸುಲಿದು, ತಿರುಚಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತುತ್ತಾರೆ. ಎರಡು ಮಳೆಗಾಲ ಕಳೆದರೆ ಆ ಜಾಗಕ್ಕೆ ಹಸಿರು ಕಿಲುಬು ಹಿಡಿದು, ಒಂದು ದಿನ ಇಂಡಿಕೇಟರ್ ಸತ್ತರೆ ಇನ್ನೊಂದು ದಿನ ಹಾರ್ನ್ ಸಾಯುತ್ತದೆ. ವೈರಿಂಗ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ವಾರಂಟಿಯೂ ಕೈತಪ್ಪಬಹುದು.

ಬ್ಯಾಟರಿಯ ಲೆಕ್ಕವನ್ನೂ ಕೇಳಿ. ಸಣ್ಣ ಸ್ಕೂಟರಿನದು ಸುಮಾರು 3 ಆಂಪಿಯರ್ ಅವರ್ ಬ್ಯಾಟರಿ. ಕಾವಲು ಕೂತ ಅಲಾರಂ 5 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 120 ಮಿಲಿಆಂಪಿಯರ್ ಅವರ್ ಖಾಲಿ. ಎರಡು ವಾರ ಊರಿಗೆ ಹೋಗಿ ಬಂದರೆ ಅರ್ಧಕ್ಕಿಂತ ಹೆಚ್ಚು ಇಳಿದಿರುತ್ತದೆ, ಸೆಲ್ಫ್ ಸ್ಟಾರ್ಟ್ ತಿರುಗುವುದಿಲ್ಲ. ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು ಬುಕಿಂಗ್ ದಿನವೇ ಕೇಳಬೇಕು.

ಏಥರ್, ಐಕ್ಯೂಬ್‌ನಂಥ ಎಲೆಕ್ಟ್ರಿಕ್ ಸ್ಕೂಟರ್‌ಗಳ ಕೆಲವು ಮಾದರಿಗಳಲ್ಲಿ ಗಾಡಿ ಅಲುಗಿದರೆ ಮೊಬೈಲಿಗೇ ಸಂದೇಶ ಬರುತ್ತದೆ. ದೂರದಲ್ಲಿರುವ ಮಾಲೀಕನಿಗೆ ಸೈರನ್ನಿಗಿಂತ ಇದು ಎಷ್ಟೋ ಮೇಲು. ಈ ಸೌಲಭ್ಯಕ್ಕೆ ಮುಂದೆ ಚಂದಾ ಕಟ್ಟಬೇಕೋ ಎಂದು ವಿಚಾರಿಸಿಕೊಳ್ಳಿ.

ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ. ನಮ್ಮಲ್ಲಿ ಹಾಲು ಹಾಕುವವರು, ಗಾರೆ ಕೆಲಸದವರು, ಡೆಲಿವರಿ ಹುಡುಗರು ಸಾಲದಲ್ಲಿ ಕೊಳ್ಳುವ ನೂರು ಸಿಸಿ ಬೈಕಿಗೆ ಈಗಲೂ ಹ್ಯಾಂಡಲ್ ಲಾಕ್ ಒಂದೇ ಗತಿ. ಆ ಬೈಕ್ ಹೋದರೆ ಅವರ ಮರುದಿನದ ಸಂಪಾದನೆಯೇ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಇಮ್ಮೊಬಿಲೈಸರ್ ಮೊದಲು ಬರಬೇಕಾದದ್ದು ಈ ಬೈಕುಗಳಿಗೆ. ಕಂಪನಿಗಳು ತಾವಾಗಿ ಕೊಡದಿದ್ದರೆ ಸರ್ಕಾರ ನಿಯಮ ಮಾಡಿ ಕೊಡಿಸಬೇಕು.

ಅಲ್ಲಿಯವರೆಗೆ ಇಂಥವರನ್ನು ಕಾಯುವುದು ವಿಮೆ. ಅಲ್ಲೇ ದೊಡ್ಡ ತಪ್ಪು ತಿಳಿವಳಿಕೆ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ಕಳವಿಗೆ ಪರಿಹಾರ ಕೊಡುವ ‘ಓನ್ ಡ್ಯಾಮೇಜ್’ ಭಾಗ ಬಹುತೇಕ ಪಾಲಿಸಿಗಳಲ್ಲಿ ಒಂದೇ ವರ್ಷದ್ದು. ಎರಡನೇ ವರ್ಷ ಅದನ್ನು ನವೀಕರಿಸದೆ, ಐದು ವರ್ಷಕ್ಕೆ ವಿಮೆ ಇದೆಯಲ್ಲ ಎಂದು ನಂಬಿದವರಿಗೆ ಬೈಕ್ ಹೋದ ಮೇಲೆ ಒಂದು ಪೈಸೆಯೂ ಬರುವುದಿಲ್ಲ. ಅಲಾರಂ ಇದ್ದರೆ ಪ್ರೀಮಿಯಂ ಇಳಿಯುತ್ತದೆ ಎಂಬ ಮಾತಿಗೂ ಮರುಳಾಗಬೇಡಿ. ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಒಪ್ಪಿದ ಸಾಧನಕ್ಕೆ ಓನ್ ಡ್ಯಾಮೇಜ್ ಭಾಗದಲ್ಲಿ ಸಿಗುವ ರಿಯಾಯಿತಿ ಶೇ 2.5. ಆ ಭಾಗ 1,700 ರೂಪಾಯಿ ಇದ್ದರೆ ಉಳಿಯುವುದು ನಲವತ್ತೆರಡು ರೂಪಾಯಿ ಚಿಲ್ಲರೆ.

ಕಳವಾದ ದಿನವೇ ಎಫ್‌ಐಆರ್ ಮಾಡಿಸಿ. ದೂರನ್ನು ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಕೂಡಲೇ ಆಗಿದ್ದು, ವಿಮಾ ಕಂಪನಿಗೆ ತಿಳಿಸುವುದಷ್ಟೇ ತಡವಾಗಿದ್ದರೆ, ಅದೊಂದೇ ನೆಪಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಕ್ಲೇಮಿನ ಹೊತ್ತಿಗೆ ಬೈಕಿನ ಎರಡೂ ಕೀ ಕೇಳುತ್ತಾರೆ. ಒಂದನ್ನೇ ಕೊಟ್ಟರೆ, ಇನ್ನೊಂದನ್ನು ಗಾಡಿಯಲ್ಲೇ ಬಿಟ್ಟಿದ್ದಿರಾ ಎಂಬ ಪ್ರಶ್ನೆ ಏಳುತ್ತದೆ. ಎರಡನೆಯದನ್ನು ಆರ್‌ಸಿ ಜೊತೆ ಬೀರುವಿನಲ್ಲಿಡಿ, ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ.