ಪಹಣಿಯ ಪಟ್ಟಿಯನ್ನು ಗಣಕವು ಕಟ್ಟುವ ಬಗೆ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯು ಉದಿಸಿದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಅದರ ಪಾಲಿಗೆ ಬಂದವು. ಕೆಲವೇ ವರ್ಷಗಳಲ್ಲಿ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆಯ ಮೂಲಕ ಅಲ್ಲಿನ ಕೈಬರಹದ ಪಹಣಿಗಳು ಗಣಕಯಂತ್ರವನ್ನು ಸೇರಿದವು. ರಾಜ್ಯದಾದ್ಯಂತ ಹೀಗೆ ಸೇರಿದ ಪಹಣಿಗಳು ಸುಮಾರು ಎರಡು ಕೋಟಿ. ಆ ರಾಶಿಯಿಂದ ಒಬ್ಬ ರೈತನ ಒಂದು ಹೊಲದ ಪಹಣಿಯನ್ನು ಹೆಕ್ಕುವುದು ಗಣಕಕ್ಕೆ ಕ್ಷಣಮಾತ್ರದ ಕೆಲಸ. ಆದರೆ ಅನೇಕ ಗ್ರಾಮಗಳ ಹೊಲಗಳನ್ನೂ ಒಂದೊಂದರ ಕೆಳಗೆ ಅದರ ಹಕ್ಕುದಾರರನ್ನೂ ಮುದ್ರಿಸಿಕೊಡೆಂದರೆ ಅದೇ ಯಂತ್ರವು ಏದುಸಿರು ಬಿಡುವುದುಂಟು. ಅದೇಕೆ?

ಹೊಲ ಒಂದು, ಹಕ್ಕುದಾರರು ಹಲವರು. ಆದುದರಿಂದ ಹೊಲಗಳಿಗೆ ಒಂದು ಮೂಲಪಟ್ಟಿ, ಹಕ್ಕುದಾರರಿಗೆ ಒಂದು ವಿವರಪಟ್ಟಿ ಎಂದು ಎರಡನ್ನು ಇಡುವುದು ರೂಢಿ. ಎರಡರಲ್ಲಿಯೂ ಇರುವ ಸಮಾನ ಗುರುತೇ ಅವನ್ನು ಬೆಸೆಯಬೇಕೆಂಬ ವಿಚಾರವನ್ನು ಐ.ಬಿ.ಎಂ. ಸಂಸ್ಥೆಯ ಕಾಡ್ ಎಂಬ ವಿಜ್ಞಾನಿಯು 1970ರಲ್ಲಿ ಮಂಡಿಸಿದನು. ಇಲ್ಲಿ ಬರಿಯ ಸರ್ವೆ ನಂಬರು ಗುರುತಾಗಲಾರದು. 45ನೆಯ ನಂಬರಿನ ಹೊಲ ಕುಷ್ಟಗಿಯ ಊರಲ್ಲಿಯೂ ಇದ್ದೀತು, ಯಲಬುರ್ಗಾದ ಊರಲ್ಲಿಯೂ ಇದ್ದೀತು. ತಾಲ್ಲೂಕು, ಹೋಬಳಿ, ಗ್ರಾಮ, ನಂಬರು, ಹಿಸ್ಸಾ ಇಷ್ಟೂ ಕೂಡಿದಾಗಲೇ ಗುರುತು ಪೂರ್ಣವಾಗುವುದು.

ಹತ್ತು ಸಾವಿರ ಹೊಲಗಳು, ಮೂವತ್ತು ಸಾವಿರ ಹಕ್ಕುದಾರರ ಸಾಲುಗಳು ಇವೆಯೆಂದು ಇಟ್ಟುಕೊಳ್ಳೋಣ. ಹೊಸಬನು ಬರೆಯುವ ಕ್ರಮವಿಧಿಯು ಮೊದಲು ಹೊಲಗಳನ್ನು ತರಿಸಿ, ಬಳಿಕ ಪ್ರತಿ ಹೊಲಕ್ಕೂ ‘ಇದರ ಹಕ್ಕುದಾರರು ಯಾರು?’ ಎಂದು ಬೇರೆಬೇರೆ ಕೇಳುತ್ತದೆ. ಜವಾನನನ್ನು ಒಂದೊಂದು ಹಾಳೆಗಾಗಿ ದಫ್ತರಿನ ಕೋಣೆಗೆ ಹತ್ತು ಸಾವಿರ ಸಲ ಓಡಿಸಿದಂತೆ! ಪ್ರತಿ ಓಟಕ್ಕೆ ಸೆಕೆಂಡಿನ ಸಾವಿರದ ಐದು ಪಾಲು ಸಾಕೆಂದರೂ ಒಟ್ಟು ಐವತ್ತು ಸೆಕೆಂಡು. ದತ್ತಸಂಚಯವು ದೂರದ ಊರಿನಲ್ಲಿದ್ದು ಮೂವತ್ತು ಪಾಲು ಹಿಡಿದರೆ ಐದು ನಿಮಿಷ. ವಿವರಪಟ್ಟಿಗೆ ಸೂಚಿಯೇ ಇಲ್ಲದಿದ್ದರೆ ಇನ್ನೂ ವಿಪರೀತ. ಒಂದೊಂದು ಪ್ರಶ್ನೆಗೂ ಮೂವತ್ತು ಸಾವಿರ ಸಾಲುಗಳನ್ನು ಮೊದಲಿನಿಂದ ತಡಕಬೇಕು; ಒಟ್ಟು ಮೂವತ್ತು ಕೋಟಿ ಸಾಲುಗಳ ಓದು.

ಆದುದರಿಂದ ಮೊದಲ ಮದ್ದು, ಬೆಸೆಯುವ ಗುರುತಿನ ಮೇಲೆ ಸೂಚಿಯನ್ನು ಕಟ್ಟುವುದು. ನಿಘಂಟಿನಲ್ಲಿ ಪದ ಹುಡುಕುವಂತೆ ಆಗ ಕೆಲವೇ ಹೆಜ್ಜೆಗಳಲ್ಲಿ ಸಾಲು ಸಿಕ್ಕುತ್ತದೆ. ಆದರೂ ಓಟಗಳ ಸಂಖ್ಯೆ ತಗ್ಗಲಿಲ್ಲವಷ್ಟೆ. ಅದಕ್ಕೆ ಎರಡೇ ಪ್ರಶ್ನೆ ಕೇಳಬೇಕು: ಎಲ್ಲ ಹೊಲಗಳನ್ನೂ ಗುರುತಿನ ಕ್ರಮದಲ್ಲಿ ಕೊಡು, ಎಲ್ಲ ಹಕ್ಕುದಾರರನ್ನೂ ಅದೇ ಕ್ರಮದಲ್ಲಿ ಕೊಡು. ಎರಡು ಕಟ್ಟುಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡ ಕಾರಕೂನನು ಎಡಗೈಯಿಂದ ಒಂದು ಹೊಲವನ್ನು ತೆಗೆದು, ಅದೇ ಗುರುತು ಮುಗಿಯುವವರೆಗೆ ಬಲಗೈಯಿಂದ ಹೆಸರುಗಳನ್ನು ಅದರ ಕೆಳಗೆ ಜೋಡಿಸುತ್ತ ಹೋಗುವನು. ಹಿಂದಿರುಗಿ ನೋಡುವ ಪ್ರಸಂಗವೇ ಇಲ್ಲ. ಒಟ್ಟು ನಲವತ್ತು ಸಾವಿರ ಸಾಲುಗಳ ಓದಿಗೆ ಕೆಲಸ ಮುಗಿಯಿತು. ಎರಡು ಕಟ್ಟುಗಳ ಕ್ರಮ ಮಾತ್ರ ಕೂದಲೆಳೆಯಷ್ಟೂ ಬೇರೆಯಾಗಿರಕೂಡದು.

ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ಬೆಸೆದು ಕೇಳಬಾರದೆ? ಕೇಳಬಹುದು, ವಿವರಪಟ್ಟಿ ಒಂದೇ ಇದ್ದಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಎರಡನೆಯದೊಂದು ಸೇರಿದರೆ ಅಪಾಯ. ಯಲಬುರ್ಗಾ ಸೀಮೆಯ ನಾಲ್ಕು ಎಕರೆಯ ಒಂದು ಮಳೆಯಾಶ್ರಿತ ಹೊಲಕ್ಕೆ ಮೂವರು ಹಕ್ಕುದಾರರು. ಬೆಳೆ 2 ಎಕರೆ 20 ಗುಂಟೆ ಸಜ್ಜೆ, 1 ಎಕರೆ 20 ಗುಂಟೆ ತೊಗರಿ. ಹಕ್ಕುದಾರರನ್ನೂ ಬೆಳೆಗಳನ್ನೂ ಒಟ್ಟಿಗೆ ಬೆಸೆದರೆ ಪ್ರತಿ ಹೆಸರಿನ ಎದುರಿಗೂ ಎರಡು ಬೆಳೆ ಬಂದು ಸಾಲುಗಳು ಆರಾಗುತ್ತವೆ. ಬೆಳೆಯ ವಿಸ್ತೀರ್ಣವನ್ನು ಕೂಡಿದರೆ ಹನ್ನೆರಡು ಎಕರೆ! ಯಂತ್ರವು ದೋಷವನ್ನು ತೋರಿಸುವುದಿಲ್ಲ, ಪಟ್ಟಿಯು ಬೇಗನೆ ಮುದ್ರಿತವಾಗಿಯೂ ಬರುತ್ತದೆ. ಬರಗಾಲದ ವರ್ಷದಲ್ಲಿ ಬೆಳೆಪರಿಹಾರದ ಹಣವನ್ನು ಇಂತಹ ಮೊತ್ತದಿಂದ ಅಂದಾಜು ಮಾಡಿದರೆ ಫಲವೇನೆಂಬುದನ್ನು ವಾಚಕರೇ ಊಹಿಸಬಲ್ಲರು. ಇಂತಹ ಸಂದರ್ಭದಲ್ಲಿ ಹಕ್ಕುದಾರರಿಗೊಂದು, ಬೆಳೆಗಳಿಗೊಂದು ಎಂದು ಪ್ರತ್ಯೇಕ ಪ್ರಶ್ನೆ ಕೇಳಿ, ಮೂರು ಕಟ್ಟುಗಳನ್ನೂ ಒಂದೇ ಗುರುತಿನ ಕ್ರಮದಲ್ಲಿ ಜೋಡಿಸತಕ್ಕದ್ದು. ಬೆಳೆಯ ಮೊತ್ತವನ್ನು ಬೆಳೆಪಟ್ಟಿಯಲ್ಲಿಯೇ ಕೂಡತಕ್ಕದ್ದು.

ಇನ್ನು ಕಿಟಕಿಯ ಮುಂದೆ ನಿಂತ ರೈತನಿಗೆ ಬೇಕಾದುದು ಒಂದೇ ಪಹಣಿ. ಅಲ್ಲಿ ಹೊಸಬನ ಆ ಹಳೆಯ ವಿಧಾನವೇ ಸಾಕು: ಹೊಲಕ್ಕೊಂದು ಪ್ರಶ್ನೆ, ಹಕ್ಕುದಾರರಿಗೊಂದು ಪ್ರಶ್ನೆ, ಬೆಳೆಗೊಂದು. ಸೂಚಿ ಮಾತ್ರ ಇರಬೇಕು.