ವಿದ್ಯಾಲಯಗಳ ಅಂಕೆಸಂಖ್ಯೆಗಳೂ ಸಮಾನಸ್ಕಂಧರ ತುಲನೆಯೂ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ನೆಯ ಇಸವಿಯಲ್ಲಿ ಬೆಳಕಿಗೆ ಬಂದ ಅಶೋಕನ ಶಿಲಾಶಾಸನದ ವಿಷಯವು ವಾಚಕರಿಗೆ ವಿದಿತವೇ ಆಗಿದೆ. ಆ ಶಿಲೆಯ ಅಕ್ಷರಗಳು ಅಲ್ಲಲ್ಲಿ ಅಳಿಸಿಹೋಗಿರುವುವು. ರೂಪನಾಥ, ಸಹಸರಾಮ, ಬ್ರಹ್ಮಗಿರಿ ಮೊದಲಾದ ಎಡೆಗಳಲ್ಲಿರುವ ಅದೇ ಶಾಸನದ ಪಾಠಗಳೊಡನೆ ಹೋಲಿಸಿದುದರಿಂದ ಅದರ ಲುಪ್ತಭಾಗಗಳ ಅರ್ಥವು ತಿಳಿಯಬಂದಿತು. ಆ ಪಾಠಗಳಾದರೋ ದೊರೆಯನ್ನು ‘ದೇವಾನಾಂಪ್ರಿಯ’ನೆಂದು ಕರೆದು ಸುಮ್ಮನಾಗಿದ್ದುವು, ಆತನ ‘ಅಶೋಕ’ನೆಂಬ ನಾಮವನ್ನು ಮಸ್ಕಿಯ ಕಲ್ಲು ಅವುಗಳಿಗೆ ಒದಗಿಸಿತು. ಹೀಗೆ ಕೊಟ್ಟುದೂ ಉಂಟು, ಕೊಂಡುದೂ ಉಂಟು. ಆದರೆ ಇದು ಸಾಧ್ಯವಾದುದು ಅವೆಲ್ಲವೂ ಒಂದೇ ಶಾಸನದ ಪ್ರತಿಗಳಾದುದರಿಂದ. ಮಸ್ಕಿಯ ಬರೆಹವನ್ನು ಯಾವುದೋ ರಾಷ್ಟ್ರಕೂಟ ದಾನಶಾಸನದ ಪಕ್ಕದಲ್ಲಿರಿಸಿ ನೋಡಿದ್ದರೆ ಇಂತಹ ಫಲವು ದೊರೆಯುತ್ತಿರಲಿಲ್ಲ.

ಗ್ರಂಥಸಂಪಾದನೆಯಲ್ಲಿ ನಾವೆಲ್ಲರೂ ಒಪ್ಪಿರುವ ಈ ಕ್ರಮವನ್ನು ನಮ್ಮ ಕಾಲೇಜುಗಳ ಸ್ಥಿತಿಗತಿಗಳನ್ನು ಅರಿಯುವುದರಲ್ಲಿಯೂ ಅನುಸರಿಸಬಹುದೆಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶವು. ಕಾಲೇಜುಗಳು ತಂತಮ್ಮ ಲೆಕ್ಕಗಳನ್ನು ತಮ್ಮಂತಹ ಇತರ ಕಾಲೇಜುಗಳೊಡನೆ ಹಂಚಿಕೊಂಡು ಹೋಲಿಸಿ ನೋಡುವುದಕ್ಕೆ ಸಮಾನಸ್ಕಂಧರ ತುಲನೆಯೆಂದು ಹೇಳಬಹುದು.

ಲೆಕ್ಕಗಳಿಗೇನೂ ಕೊರತೆಯಿಲ್ಲ. 2010–11ನೆಯ ಸಾಲನ್ನು ಮೊದಲ್ಗೊಂಡು ಅಖಿಲ ಭಾರತ ಉಚ್ಚಶಿಕ್ಷಣ ಸಮೀಕ್ಷೆಗೆ ಕಾಲೇಜುಗಳು ವಿದ್ಯಾರ್ಥಿಗಳ, ಅಧ್ಯಾಪಕರ, ಪರೀಕ್ಷಾಫಲಗಳ ವಿವರಗಳನ್ನು ತುಂಬಿ ಕಳುಹಿಸುತ್ತಿರುವುವು. 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡಿರುವ ನ್ಯಾಕ್ ಪರಿಷತ್ತಿಗೆ ಒಪ್ಪಿಸಿದ ಸ್ವಾಧ್ಯಯನ ವರದಿಗಳನ್ನು ಕಾಲೇಜುಗಳು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಿರುವುವು. 2016ರಿಂದ ರಾಷ್ಟ್ರೀಯ ಶ್ರೇಯಾಂಕದ ಪಟ್ಟಿಯೂ ಹೊರಡುತ್ತಿದೆ. ಆದರೆ ಈ ಲೆಕ್ಕಗಳೆಲ್ಲವೂ ಕೆಳಗಿನಿಂದ ಮೇಲಕ್ಕೆ ಹೋಗುವುವೇ ಹೊರತು ಪಕ್ಕದಿಂದ ಪಕ್ಕಕ್ಕೆ ಹೋಗುವುದು ವಿರಳ. ದೇವದುರ್ಗದ ಕಾಲೇಜಿನ ಲೆಕ್ಕವು ದಿಲ್ಲಿಯನ್ನು ಸೇರುತ್ತದೆ. ಅದನ್ನು ಮಾನ್ವಿಯ ಅಧ್ಯಾಪಕರು ತಮ್ಮ ಲೆಕ್ಕದ ಮಗ್ಗುಲಲ್ಲಿರಿಸಿ ಓದುವ ಏರ್ಪಾಡನ್ನು ಮಾತ್ರ ನಾವು ಮಾಡಿಕೊಂಡಿಲ್ಲ. ತಾಳೆಗರಿಗಳನ್ನೆಲ್ಲ ಭಂಡಾರಕ್ಕೆ ಒಪ್ಪಿಸಿ, ಒಂದನ್ನೂ ಬಿಚ್ಚಿ ಮತ್ತೊಂದರೊಡನೆ ಹೋಲಿಸದಂತೆ ಇದು.

ಹೋಲಿಕೆಗೆ ಮೊದಲು ಶಬ್ದಗಳ ಅರ್ಥವು ನಿಶ್ಚಯವಾಗಬೇಕು. ನಿದರ್ಶನಾರ್ಥವಾಗಿ ಎರಡು ಕಾಲೇಜುಗಳನ್ನು ಕಲ್ಪಿಸಿಕೊಳ್ಳೋಣ. ಎರಡರಲ್ಲಿಯೂ ಮೊದಲನೆಯ ವರ್ಷಕ್ಕೆ 100 ಮಂದಿ ಸೇರಿದರು. ಕೊನೆಯ ಪರೀಕ್ಷೆಗೆ 60 ಮಂದಿ ಕುಳಿತರು. 48 ಮಂದಿ ತೇರ್ಗಡೆಯಾದರು. ಒಂದು ಕಾಲೇಜು ಪರೀಕ್ಷೆಗೆ ಕುಳಿತವರನ್ನು ಎಣಿಸಿ ನೂರಕ್ಕೆ 80 ಎಂದು ಬರೆಯುತ್ತದೆ. ಮತ್ತೊಂದು ಸೇರಿದವರನ್ನು ಎಣಿಸಿ ನೂರಕ್ಕೆ 48 ಎಂದು ಬರೆಯುತ್ತದೆ. ಎರಡೂ ಸುಳ್ಳಲ್ಲ, ಎರಡೂ ಒಂದೇ ಅಲ್ಲ. ನಡುವೆ ಕಾಣದೆಹೋದ 40 ಮಂದಿಯ ಕಥೆಯು ಮೊದಲನೆಯ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಹೀಗೆಯೇ 600 ವಿದ್ಯಾರ್ಥಿಗಳಿಗೆ 12 ಮಂದಿ ಖಾಯಂ ಅಧ್ಯಾಪಕರೂ 18 ಮಂದಿ ಅತಿಥಿ ಉಪನ್ಯಾಸಕರೂ ಇರುವಲ್ಲಿ, ಅತಿಥಿಗಳನ್ನು ಸೇರಿಸಿದರೆ ಒಬ್ಬರಿಗೆ 20 ವಿದ್ಯಾರ್ಥಿಗಳು, ಬಿಟ್ಟರೆ 50. ಅತಿಥಿ ಉಪನ್ಯಾಸಕರ ಬಲದಿಂದಲೇ ಬಹುಮಟ್ಟಿಗೆ ನಡೆಯುವ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿಷಯದಲ್ಲಿ ಇದು ಸಣ್ಣ ಭೇದವಲ್ಲ. ಯಾವ ದಿನದ ಎಣಿಕೆ, ಯಾರ ಎಣಿಕೆ, ಯಾವುದರ ಮೇಲೆ ಭಾಗಿಸಿದ್ದು ಎಂಬ ಮೂರೂ ಹೊಂದದಿದ್ದರೆ ತುಲನೆಯು ಆಭಾಸವೇ ಸರಿ.

ಎರಡನೆಯದು, ಸಮಾನರು ಯಾರೆಂಬ ಪ್ರಶ್ನೆ. ಇದಕ್ಕೆ ನಮ್ಮ ಜಿಲ್ಲೆಯೇ ಉತ್ತಮ ಪಾಠವನ್ನು ಕೊಟ್ಟಿದೆ. 2000ದಲ್ಲಿ ನೇಮಕಗೊಂಡು 2002ರಲ್ಲಿ ವರದಿಯನ್ನೊಪ್ಪಿಸಿದ ಡಾ॥ ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ಅಂದಿನ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. ರಾಜ್ಯದ ಸರಾಸರಿಯು 1 ಎಂದಿಟ್ಟುಕೊಂಡಾಗ ದೇವದುರ್ಗಕ್ಕೆ ಬಂದುದು 0.53, ಎಲ್ಲಕ್ಕಿಂತ ಕೆಳಗಿನ ಸ್ಥಾನ. ಅತ್ಯಂತ ಹಿಂದುಳಿದುವೆಂದು ಎಣಿಸಲ್ಪಟ್ಟ 39 ತಾಲೂಕುಗಳಲ್ಲಿ ಮಾನ್ವಿಯೂ ಸೇರಿತ್ತು. ಈ ತುಲನೆಯಿಂದ ಆದ ಉಪಕಾರವು ದೊಡ್ಡದು: ಅದುವರೆಗೆ ಅಳಲಾಗಿದ್ದುದು ಪ್ರಮಾಣವಾಯಿತು, ವಿಶೇಷ ಅಭಿವೃದ್ಧಿ ಯೋಜನೆಗೆ ಆಧಾರವು ದೊರೆಯಿತು. ಆದರೆ ಅದರ ಜೊತೆಗೆ ‘ಕಟ್ಟಕಡೆಯ ತಾಲೂಕು’ ಎಂಬ ಹಣೆಪಟ್ಟಿಯೂ ದೇವದುರ್ಗಕ್ಕೆ ಅಂಟಿಕೊಂಡಿತು. ಅನುದಾನವನ್ನು ಹಂಚುವವನಿಗೆ ಮೇಲುಕೀಳುಗಳ ಪಟ್ಟಿಯು ಬೇಕು. ಪಾಠವನ್ನು ಕಲಿಸುವವನಿಗೆ ಬೇಕಾದುದು ಬೇರೆ: ತನ್ನಂತಹದೇ ಸ್ಥಿತಿಯಲ್ಲಿರುವ ಮತ್ತೊಬ್ಬನು ಏನನ್ನು ಮಾಡಿ ಎಷ್ಟನ್ನು ಸಾಧಿಸಿದನೆಂಬ ಅರಿವು.

ಆದಕಾರಣ ದೇವದುರ್ಗದ ಕಾಲೇಜನ್ನು ಬೆಂಗಳೂರಿನ ಶತಮಾನದ ಕಾಲೇಜೊಂದರೊಡನೆ ತೂಗಿದರೆ ಫಲವು ಮೊದಲೇ ಗೊತ್ತು. ಅದರಿಂದ ಇಬ್ಬರೂ ಏನನ್ನೂ ಕಲಿಯರು. ಅದನ್ನು ಮಾನ್ವಿಯ ಕಾಲೇಜಿನೊಡನೆ, ಕೃಷ್ಣೆಯಾಚೆಯ ಯಾದಗಿರಿ ಜಿಲ್ಲೆಯ ಕಾಲೇಜುಗಳೊಡನೆ ಹೋಲಿಸಿದರೆ ವಿಚಾರವು ಬೇರೆಯಾಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ರಾಯಚೂರಿಗೆ ಪ್ರತ್ಯೇಕ ವಿಶ್ವವಿದ್ಯಾಲಯವಾದ ಮೇಲೆ ಈ ಎರಡು ಜಿಲ್ಲೆಗಳ ಪದವಿ ಕಾಲೇಜುಗಳಿಗೆ ಪಾಠಕ್ರಮವೂ ಪರೀಕ್ಷೆಯೂ ಒಂದೇ. ವಿದ್ಯಾರ್ಥಿಗಳು ಬರುವ ಮನೆಗಳೂ ಬಹುವಾಗಿ ಒಂದೇ ತೆರನಾದುವು. ರಾಯಚೂರು ನಗರದ ಕಾಲೇಜುಗಳಿಗೆ ರೈಲು, ವಸತಿನಿಲಯ, ಗ್ರಂಥಾಲಯಗಳ ಅನುಕೂಲವು ಹೆಚ್ಚು. ಈ ವೈಧರ್ಮ್ಯವನ್ನು ಬರೆದಿಟ್ಟುಕೊಂಡೇ ಅವನ್ನು ಓದಬೇಕು. ಪದವಿಯ ಎರಡನೆಯ ವರ್ಷದಲ್ಲಿ ಮಾನ್ವಿಯಲ್ಲಿ ಹೆಣ್ಣುಮಕ್ಕಳು ಉಳಿದು ದೇವದುರ್ಗದಲ್ಲಿ ಬಿಟ್ಟುಹೋಗುತ್ತಿದ್ದಾರೆಂದು ಲೆಕ್ಕವು ತೋರಿತೆನ್ನೋಣ. ಆಗ ಕೇಳಬೇಕಾದ ಪ್ರಶ್ನೆಯು ಯಾರು ಮೇಲೆಂಬುದಲ್ಲ. ಬಸ್ಸಿನ ವೇಳೆಯೇ, ವಸತಿನಿಲಯವೇ, ಹತ್ತಿ ಬಿಡಿಸುವ ಕಾಲವೇ, ಯಾವುದು ಕಾರಣವೆಂಬುದು.

ಅಮೆರಿಕ ದೇಶದ ಶಿಕ್ಷಣಾಂಕಿಗಳ ಕೇಂದ್ರವು ಪ್ರತಿಯೊಂದು ಕಾಲೇಜಿಗೂ ಅದರ ಸಂಖ್ಯೆಗಳನ್ನು ಅದರಂತಹ ಕಾಲೇಜುಗಳ ಗುಂಪಿನ ಸಂಖ್ಯೆಗಳೊಡನೆ ಜೋಡಿಸಿ ವರದಿಯನ್ನು ಕಳುಹಿಸುವ ವಾಡಿಕೆಯನ್ನಿಟ್ಟುಕೊಂಡಿತು. ಗುಂಪನ್ನು ಕಾಲೇಜುಗಳೇ ಆರಿಸಿಕೊಳ್ಳುವುದಕ್ಕೂ ಅವಕಾಶವಿತ್ತು. ನಮಗೆ ಅಷ್ಟು ದೊಡ್ಡ ಯಂತ್ರವು ಬೇಕಾಗಿಲ್ಲ. ಸೇರಿದವರು, ಉಳಿದವರು, ತೇರ್ಗಡೆಯಾದವರು, ಖಾಯಂ ಮತ್ತು ಅತಿಥಿ ಅಧ್ಯಾಪಕರು, ಗ್ರಂಥಾಲಯದಿಂದ ಎರವಲು ಹೋದ ಪುಸ್ತಕಗಳು—ಈ ಆರು ಕಲಮುಗಳ ಒಂದು ಹಾಳೆಯನ್ನು ವರ್ಷಕ್ಕೊಮ್ಮೆ ನಾಲ್ಕೈದು ಕಾಲೇಜುಗಳು ಪರಸ್ಪರ ಕೊಟ್ಟುಕೊಂಡು, ಒಂದು ದಿನ ಜೊತೆಗೆ ಕುಳಿತು ಓದಿದರೆ ಸಾಕು.

ಇದಕ್ಕೆ ಎರಡು ಆಕ್ಷೇಪಗಳುಂಟು. ಅಂಕೆಗಳನ್ನು ತೋರಿದರೆ ಅಪಕೀರ್ತಿಯಾಗುವುದೆಂಬುದು ಮೊದಲನೆಯದು. ಈ ಭಯವು ನಿರಾಧಾರವಲ್ಲ. ಅಂಕೆಗೆ ಬಹುಮಾನವನ್ನು ಕಟ್ಟಿದ ಕೂಡಲೆ ಜನರು ವಿಷಯವನ್ನು ಬಿಟ್ಟು ಅಂಕೆಯನ್ನೇ ಸಾಕತೊಡಗುವರು. ಮಂದಮತಿಯನ್ನು ಪರೀಕ್ಷೆಗೆ ಕೂರಿಸದೆ ಫಲವನ್ನು ಏರಿಸುವರು. ಆದುದರಿಂದಲೇ ಈ ಹಾಳೆಯಲ್ಲಿ ಶ್ರೇಯಾಂಕವಿರಬಾರದು. ವಿದ್ಯಾರ್ಥಿಗಳ ಗೌಪ್ಯವು ಕೆಡುವುದೆಂಬುದು ಎರಡನೆಯದು. ಹೆಸರುಗಳನ್ನು ಕೊಡಲೇಬಾರದು, ಗುರುತು ಹಿಡಿಯಬಹುದಾದಷ್ಟು ಸಣ್ಣ ಗುಂಪಿನ ಸಂಖ್ಯೆಯನ್ನು ಬೇರೆಯಾಗಿ ಬರೆಯಲೂಬಾರದು. ವೈಯಕ್ತಿಕ ವಿವರಗಳ ಸಂರಕ್ಷಣೆಗೆ 2023ರಲ್ಲಿ ಶಾಸನವೇ ಆಗಿರುವುದನ್ನು ನೆನೆಯಬೇಕು.

ಅಂಕೆಗೆ ಸಿಲುಕದುದೂ ಉಂಟೆಂಬುದನ್ನು ಸಾಹಿತ್ಯದ ಅಧ್ಯಾಪಕರಿಗೆ ಬೇರೆ ಹೇಳಬೇಕಾಗಿಲ್ಲ. ಜಗನ್ನಾಥದಾಸರು ನೆಲಸಿದ್ದ ಮಾನ್ವಿಯಲ್ಲಿ ಹರಿಕಥಾಮೃತಸಾರವನ್ನು ಪಾಠ ಹೇಳುವ ಅಧ್ಯಾಪಕನು ಒಬ್ಬ ಹುಡುಗನ ಕಿವಿಯನ್ನು ಭಾಮಿನಿ ಷಟ್ಪದಿಯ ನಡೆಗೆ ತೆರೆದನಾದರೆ, ಅದನ್ನು ಬರೆದುಕೊಳ್ಳುವ ಕಲಮು ಯಾವ ಹಾಳೆಯಲ್ಲಿಯೂ ಇಲ್ಲ. ಆದರೆ ಆ ಹುಡುಗನು ಎರಡನೆಯ ವರ್ಷಕ್ಕೆ ತರಗತಿಯಲ್ಲಿ ಉಳಿದಿರುವನೇ ಎಂಬುದನ್ನು ಅಂಕೆಯು ಹೇಳಬಲ್ಲುದು. ಅವನು ಉಳಿದಿದ್ದರಲ್ಲವೇ ಷಟ್ಪದಿಯ ಮಾತು! ಸವೆದ ಅಕ್ಷರವನ್ನು ನೆರೆಯ ಪ್ರತಿಯಿಂದ ತುಂಬಿಕೊಳ್ಳುವುದು ಯಾವ ಪ್ರತಿಗೂ ಅವಮಾನವಲ್ಲ. ನಮ್ಮ ಮೂರು ಊರುಗಳ ವಿದ್ಯಾಲಯಗಳು ಹೀಗೆ ಒಂದನ್ನೊಂದು ಓದಿಕೊಳ್ಳಲೆಂದು ಆಶಿಸಿ, ಇದನ್ನು ವಿದ್ವಜ್ಜನರ ವಿಮರ್ಶೆಗೆ ಒಪ್ಪಿಸಿರುವೆವು.